ಕೊನೆಯ ಕಂತು ಕಟ್ಟಿದ ಮೇಲೆ

ನಮ್ಮ ದಿನಸಿ ಅಂಗಡಿಯ ಸಾಲದ ಕೊನೆಯ ಕಂತು ಕಳೆದ ವಾರ ಕಟ್ಟಿದೆವು. ಫ್ರೀಜರ್, ತಕ್ಕಡಿ, ರ್‍ಯಾಕ್‌ಗಳು ಎಲ್ಲವೂ ಈಗ ನಮ್ಮವೇ. ಅಂಗಡಿ ಮುಚ್ಚುತ್ತಾರಂತೆ ಅನ್ನುವ ಸುದ್ದಿ ನಿಮ್ಮ ಕಿವಿಗೂ ಬಿದ್ದಿತ್ತು, ಅಲ್ವಾ? ಮುಚ್ಚಲಿಲ್ಲ. ಯಾರಿಂದ ಮುಚ್ಚಲಿಲ್ಲವೋ ಅವರಿಗೆ ನಾಲ್ಕು ಮಾತು ಹೇಳಬೇಕು.

ದೊಡ್ಡ ಅಂಗಡಿಯವರು ಲಾಭ ಸಾಲದು ಎಂದು ಹೊರಟುಹೋದ ಮೇಲೆ ಬಡಾವಣೆ ಹೇಗಿತ್ತು ಎಂದು ಬರೆಯಲು ಹೋಗುವುದಿಲ್ಲ. ತಾಜಾ ತರಕಾರಿಗೆ ಎರಡು ಬಸ್ ಹಿಡಿದು ಹೋಗುತ್ತಿದ್ದವರು ನೀವೇ. ಸಾಲಕ್ಕೆ ಜಾಮೀನು ನಿಂತವರು, ಬಾಕಿಗೆ ಅವಸರ ಮಾಡದ ಸಗಟು ವ್ಯಾಪಾರಿ, ಕಾಲೇಜು ಮುಗಿಸಿ ಬಂದು ಮೂಟೆ ಇಳಿಸಿದ ಹುಡುಗರು, ಲೆಕ್ಕ ನೋಡಿಕೊಟ್ಟ ಗೆಳೆಯ: ಎಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ಎದುರುಮನೆ ಅಕ್ಕನದು ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ.

ಗಾಳಿಮಳೆಗೆ ಕರೆಂಟ್ ಹೋದ ಆ ರಾತ್ರಿ ಅವರು ಟಾರ್ಚ್ ಹಿಡಿದು ಬಂದರು. ಬಹಳ ವರ್ಷ ದೊಡ್ಡ ಕ್ಯಾಂಟೀನ್ ಒಂದರ ಅಡುಗೆಮನೆ ನಡೆಸಿದವರು. ನಾನು ಒಂದೊಂದೇ ಬಾಗಿಲು ತೆಗೆದು ನೋಡಲು ಹೊರಟಿದ್ದೆ. "ಮುಟ್ಟಬೇಡಪ್ಪ" ಅಂದರು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಡೆಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಅವರಿಗೆ ಇದೆಲ್ಲ ಬಾಯಿಪಾಠ. ಕರೆಂಟ್ ಹೋದ ಹೊತ್ತನ್ನು ಚೀಟಿಯಲ್ಲಿ ಬರೆದು ಎಲ್ಲ ಬಾಗಿಲಿಗೂ ಅಂಟಿಸಿದರು. ಆಮೇಲೆ ಫ್ರೀಜರ್ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ನನ್ನಿಂದ ಅದನ್ನು ಕಾಯಲು ಅಂತ ನನ್ನ ಅನುಮಾನ!

ಫ್ರೀಜರ್ ಉಳಿಯಿತು. ಫ್ರಿಜ್ಜಿನಲ್ಲಿದ್ದ ಹಾಲು, ಮಾಂಸ ಉಳಿಯಲಿಲ್ಲ, 4 ಗಂಟೆ ದಾಟಿತ್ತು. ನೋಡಲು ಎಲ್ಲ ಚೆನ್ನಾಗಿಯೇ ಇತ್ತು. ವಾಸನೆಯೂ ಇರಲಿಲ್ಲ. ಅಲ್ಲಿದ್ದವರೊಬ್ಬರು, "ಬೆಳಗ್ಗೆ ಅರ್ಧ ರೇಟಿಗೆ ಬಿಟ್ಟುಬಿಡಿ, ಇಲ್ಲಿನವರು ಖುಷಿಯಾಗಿ ಒಯ್ತಾರೆ" ಅಂದರು. ಅಕ್ಕನಿಗೆ ಅಷ್ಟು ಸಿಟ್ಟು ಬಂದದ್ದು ನಾನು ಬೇರೆ ಯಾವತ್ತೂ ನೋಡಿಲ್ಲ. "ದುಡ್ಡು ಕಡಿಮೆ ಇದ್ದವರಿಗೆ ಹೊಟ್ಟೆ ಬೇರೆ ಥರ ಇರುತ್ತಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ತಾವೇ ಮೊದಲ ಕ್ರೇಟ್ ಎತ್ತಿ ಹೊರಗಿಟ್ಟರು.

ಬೆಳಗಿನ ಜಾವ ನಾನು ಅತ್ತುಬಿಟ್ಟೆ. ದಿನಸಿ ವ್ಯಾಪಾರದಲ್ಲಿ ಎಲ್ಲ ಖರ್ಚು ಕಳೆದು ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು. ನೂರಕ್ಕೆ ಎರಡು ಅಂತಲೇ ಇಟ್ಟುಕೊಳ್ಳಿ, ಎಸೆದ ಒಂದು ಕ್ರೇಟಿನ ನಷ್ಟ ತುಂಬಲು ಅಂಥ 50 ಕ್ರೇಟ್ ಮಾರಬೇಕು. ಎಸೆದ ಕ್ರೇಟುಗಳು ಕಣ್ಣ ಮುಂದೆಯೇ ಸಾಲಾಗಿದ್ದವು. ಈ ಬಡಾವಣೆಯನ್ನು ಯಾಕಾದರೂ ಹಚ್ಚಿಕೊಂಡೆನೋ ಎಂದು ನಿಮ್ಮನ್ನೆಲ್ಲ ಬೈದೆ. ಹೌದು, ನಿಮ್ಮನ್ನೇ. ಅಕ್ಕ ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಅಳು ನಿಂತ ಮೇಲೆ ಕೈಗೆ ಪೆನ್ನು ಕೊಟ್ಟರು. "ಎಸೆದದ್ದನ್ನೆಲ್ಲ ಬರಿ. ಫೋಟೋನೂ ತೆಗಿ. ಇನ್ಶೂರೆನ್ಸ್‌ಗೆ ಬೇಕಾಗುತ್ತೆ."

ಇನ್ಶೂರೆನ್ಸ್‌ನಿಂದ ಬಂದದ್ದು ಅರ್ಧಂಬರ್ಧ. ಆ ಪಟ್ಟಿ ಮಾತ್ರ ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂತು. ಯಾವುದು ದಿನವೂ ಖಾಲಿಯಾಗುತ್ತದೆ, ಯಾವುದು ಸುಮ್ನೆ ತಣ್ಣಗೆ ಕೂತಿರುತ್ತದೆ ಎಂದು ಅಕ್ಕನೇ ಗೆರೆ ಎಳೆದು ತೋರಿಸಿದರು. ಈಗ ಕಡಿಮೆ ಕಡಿಮೆ ತರಿಸುತ್ತೇವೆ, ಪದೇ ಪದೇ ತರಿಸುತ್ತೇವೆ. ಎಸೆಯುವುದು ತಗ್ಗಿದ್ದರಿಂದಲೇ ತರಕಾರಿ ಬೆಲೆ ಇಳಿಸಲು ಆಯಿತು. ಬೇರೆ ಯಾವ ಗುಟ್ಟೂ ಇಲ್ಲ.

ಒಟ್ಟಿಗೆ ಖರೀದಿಗೆ ಒಪ್ಪಿದ ಸುತ್ತಲಿನ ಸಣ್ಣ ಅಂಗಡಿಯವರಿಗೂ ಥ್ಯಾಂಕ್ಸ್. ಲಾರಿಗಟ್ಟಲೆ ಕೊಳ್ಳುವವರಿಗೆ ಒಂದು ರೇಟು, ಬಾಕ್ಸ್ ಲೆಕ್ಕದಲ್ಲಿ ಕೊಳ್ಳುವ ನಮಗೆ ಇನ್ನೊಂದು. ಇದು ಹಳೇ ಜಗಳ. ಅಮೆರಿಕದಲ್ಲಿ ಸ್ವತಂತ್ರ ಅಂಗಡಿಯವರು 1926ರಲ್ಲೇ ಐಜಿಎ ಎಂಬ ಒಕ್ಕೂಟದಡಿ ಸೇರಿದ್ದರು. ಈ ರೇಟಿನ ತಾರತಮ್ಯಕ್ಕೆ ತಡೆ ಹಾಕಲು ಅಲ್ಲಿ 1936ರಲ್ಲಿ ರಾಬಿನ್ಸನ್-ಪ್ಯಾಟ್ಮನ್ ಕಾಯ್ದೆಯೂ ಬಂತು. 1980ರ ದಶಕದಿಂದೀಚೆಗೆ ಅದನ್ನು ಬಳಸಿದ್ದು ತೀರಾ ಕಡಿಮೆ. ಕಾಯ್ದೆ ನಂಬಿ ಕೂರುವುದಕ್ಕಿಂತ ಒಂದೇ ಲಾರಿಗೆ ಆರ್ಡರ್ ಕೊಡುವುದು ವಾಸಿ ಅಂತ ನನಗನಿಸುತ್ತದೆ.

ಇನ್ನು ಗಿರಾಕಿಗಳಾದ ನೀವು. ಅಂಗಡಿ ತೆರೆದರೆ ಸಾಕು, ಜನರ ಊಟ ತಾನಾಗೇ ಬದಲಾಗುತ್ತದೆ ಎಂದು ಹೇಳುವವರಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಬಡ ಬಡಾವಣೆಯಲ್ಲಿ ಹೊಸ ಸೂಪರ್‌ಮಾರ್ಕೆಟ್ ಬಂದ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಆಹಾರ ಹತ್ತಿರದಲ್ಲೇ ಸಿಗುತ್ತದೆ ಎಂಬ ಭಾವನೆ ಜನರಲ್ಲಿ ಹೆಚ್ಚಿತ್ತು, ತಿನ್ನುವ ಹಣ್ಣು-ತರಕಾರಿ ಮಾತ್ರ ಹೆಚ್ಚಿರಲಿಲ್ಲ. ನಮ್ಮಲ್ಲೂ ಮೊದಮೊದಲು ಸೊಪ್ಪು ಬಾಡುತ್ತಿತ್ತು. ಕಟ್ಟು ದೊಡ್ಡದಾಯಿತು, ತಿಂಗಳ ಕೊನೆಗೆ ಅಷ್ಟು ದುಡ್ಡು ಇರಲ್ಲ, ಅರ್ಧ ಕಟ್ಟು ಕೊಡಿ ಎಂದು ಬಾಯಿಬಿಟ್ಟು ಹೇಳಿದವರು ನೀವು. ಹೇಳಿದ್ದಕ್ಕೆ ಉಪಕಾರ ಆಯಿತು.

ಅಕ್ಕ ಇದನ್ನು ಓದಿದರೆ ಬೈಯುತ್ತಾರೆ, ಗೊತ್ತು. ಬೈಯಲಿ. ಕೆಲಸ ಮುಗಿಸಿ ತಡವಾಗಿ ಬರುವವರು ಕೇಳುತ್ತಿದ್ದಿರಿ: ಮುಂದಿನ ವಾರದಿಂದ ರಾತ್ರಿ ಒಂದು ಗಂಟೆ ಜಾಸ್ತಿ ತೆರೆದಿರುತ್ತೇವೆ.