ಸಿಟ್ಟಿನ ಹಿಂದೆ ಏನಿತ್ತು ಅಂತ ಕೇಳಿದ್ದೀಯಲ್ಲ

ಧಾರವಾಡ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು.

ಮನೆಯ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಒಂದೇ ಮಾತು ನನ್ನನ್ನು ಕಾಡುತ್ತಿದೆ. 'ನನಗೆ ನಿಜವಾಗಿ ಬೇಜಾರಾಯ್ತೋ, ಇಲ್ಲ ನಾಲ್ಕು ಜನರ ಮುಂದೆ ದೊಡ್ಡವಳಾಗಬೇಕು ಅಂತ ಸಿಟ್ಟಾದೆನೋ ಗೊತ್ತಾಗ್ತಿಲ್ಲ ಕಾಕಾ' ಅಂತ ಬರೆದಿದ್ದೀಯಲ್ಲ, ಅದು.

'ಹುಬ್ಬಳ್ಳಿ ಕಡೆಯವರೆಲ್ಲ ಒರಟರು, ಮಾತಾಡಿದ್ರೂ ಜಗಳ ಆಡಿದಂಗಿರುತ್ತೆ' ಅಂತ ನಿನ್ನ ಹಾಸ್ಟೆಲಿನಲ್ಲಿ ಒಬ್ಬಳು ಎಲ್ಲರೆದುರು ಅಂದಳು. ನೀನು ತಿರುಗಿ ಕೇಳಿದೆ. ಮರುದಿನ ಇನ್ನೊಬ್ಬಳು 'ಹೆಸರು ಮಾಡೋಕೆ ಹಂಗೆ ಕೂಗಾಡಿದೆ' ಅಂದಳು. ಮೊದಲ ಮಾತಿಗಿಂತ ಈ ಎರಡನೆಯದೇ ನಿನ್ನನ್ನು ಜಾಸ್ತಿ ಅಲ್ಲಾಡಿಸಿದೆ. ಆಮೇಲೆ ಮೆಸ್ಸಿಗೆ ಹೋಗುವುದನ್ನೇ ಬಿಟ್ಟಿದ್ದೀಯಂತೆ.

ನೋಡು ತಂಗಿ, ಎಲ್ಲರೆದುರು ನಮ್ಮನ್ನು ಕೆಳಗಿಳಿಸಿದರೆ ಮತ್ತೆ ಸರಿಸಮ ನಿಲ್ಲಬೇಕು ಅನ್ನಿಸುತ್ತದೆ. ಅದರಲ್ಲಿ ಮಾನದ ಆಸೆ ಇದ್ದೇ ಇರುತ್ತದೆ. ಇದೆ ಅಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ನಿನ್ನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಿದವಳಿಗೂ ಜಾಣೆ ಅನ್ನಿಸಿಕೊಳ್ಳುವ ಆಸೆ ಇದ್ದೀತು. ಹೀಗೆ ಹುಡುಕುತ್ತ ಹೋದರೆ ಕೊನೆಯೇ ಇಲ್ಲ. ಮೊದಲು ಆಡಿದ ಮಾತು ಸರಿಯೋ ತಪ್ಪೋ ಅನ್ನುವುದನ್ನೇ ಎಲ್ಲರೂ ಮರೆತುಬಿಡುತ್ತಾರೆ.

1982ರಲ್ಲಿ ನಾನು ಕಾಲೇಜು ಹುಡುಗ. ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ ವಿ.ಕೃ. ಗೋಕಾಕರ ಸಮಿತಿ ವರದಿ ಕೊಟ್ಟಿತ್ತು. ಅದನ್ನು ಜಾರಿ ಮಾಡಿ ಅಂತ ನಾವೆಲ್ಲ ಬೀದಿಗಿಳಿದೆವು. ಮೆರವಣಿಗೆಯಲ್ಲಿ ಮುಂದಿನ ಸಾಲಿಗೆ ನುಗ್ಗುವ ಹುರುಪೂ ಇತ್ತು, ಕನ್ನಡದ ಮೇಲೆ ಜೀವವೂ ಇತ್ತು. ಎರಡನ್ನೂ ಬೇರೆ ಮಾಡಿ ತೋರಿಸು ಅಂದರೆ ಈಗಲೂ ಆಗದು. ಬೇಡಿಕೆ ಮಾತ್ರ ಸರಿಯಾಗಿತ್ತು.

ನನ್ನ ಕೊರಗು ಬೇರೆಯದು. ನಮ್ಮ ಓಣಿಯಲ್ಲಿ ಮರಾಠಿ ಮಾತಾಡುವ ಒಂದು ಮನೆ ಇತ್ತು. 1956ರವರೆಗೆ ಧಾರವಾಡ ಮುಂಬೈ ರಾಜ್ಯದಲ್ಲೇ ಇತ್ತಲ್ವಾ, ಅಂಥ ಮನೆಗಳು ಇಲ್ಲಿ ಹೊಸವಲ್ಲ. ಆ ಮನೆಯ ಅಜ್ಜಿ ನಮ್ಮನ್ನು ಕನ್ನಡದಲ್ಲೇ ಬೈಯುತ್ತಿದ್ದಳು, ಉಂಡಿ ಕೊಡುತ್ತಿದ್ದಳು. ಆ ದಿನಗಳಲ್ಲಿ ಕಟ್ಟೆಯ ಮೇಲಿನ ಮಾತು ವರದಿಯನ್ನು ಬಿಟ್ಟು 'ಈ ಮರಾಠಿಯವರೆಲ್ಲ' ಅನ್ನುವಲ್ಲಿಗೆ ಬಂತು. ಅಜ್ಜಿ ಹೊರಗೆ ಬಂದು ಕೂರುವುದನ್ನು ನಿಲ್ಲಿಸಿದಳು. ಯಾಕಜ್ಜಿ, ಹೊರಗ ಬರವಲ್ಲಿ ಅಂತ ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಮುಂದೆ ಆ ಮನೆಯವರು ಬೆಳಗಾವಿಗೆ ಹೋದರು. ನೀನು ಮೆಸ್ಸಿಗೆ ಹೋಗುತ್ತಿಲ್ಲ ಅಂತ ಓದಿದಾಗ ಆ ಅಜ್ಜಿಯೇ ಕಣ್ಣ ಮುಂದೆ ಬಂದಳು.

ಇನ್ನೊಂದು. ನೀನೂ ಪತ್ರದ ಕೊನೆಗೆ 'ಬೆಂಗಳೂರಿನವರೆಲ್ಲ ಹಿಂಗೇ' ಅಂತ ಬರೆದಿದ್ದೀ. ಅಂದದ್ದು ಒಬ್ಬ ಹುಡುಗಿ. ಅವತ್ತು ನಿನ್ನ ಪರವಾಗಿ ಮಾತಾಡಿದ ರೂಂಮೇಟೂ ಬೆಂಗಳೂರಿನವಳೇ ಅಲ್ವಾ?

ಹಿಂಗೇ ಮಾಡು ಅಂತ ಹೇಳಲು ನನಗೆ ಹಾಸ್ಟೆಲಿನ ರೀತಿ ಗೊತ್ತಿಲ್ಲ. ಆದರೂ, ಆಗುವುದಾದರೆ, ಆ ಹುಡುಗಿ ಒಬ್ಬಳೇ ಇದ್ದಾಗ 'ನಿನ್ನ ಮಾತಿನಿಂದ ನನಗೆ ನೋವಾಯ್ತು' ಅಂತ ಹೇಳಿ ನೋಡು. ಯಾರೂ ನೋಡದಿದ್ದಾಗಲೂ ಹೇಳಬೇಕು ಅನ್ನಿಸಿದರೆ ನಿನ್ನ ಅನುಮಾನ ಅಲ್ಲೇ ಕಳೆದೀತು. ಅನ್ನಿಸದಿದ್ದರೂ ನಿನ್ನನ್ನು ನೀನು ಬೈದುಕೊಳ್ಳಬೇಡ. ಎಲ್ಲರೆದುರು ಅಂದದ್ದಕ್ಕೆ ಎಲ್ಲರೆದುರೇ ಕೇಳಿದ್ದೀ. ನಾಳೆಯಿಂದ ಊಟಕ್ಕೆ ಹೋಗು, ರೂಂಮೇಟನ್ನೂ ಕರೆದುಕೊಂಡು ಹೋಗು.

ಬೇಗ ಉತ್ತರ ಬರೆ.

ನಿನ್ನ ಕಾಕಾ