ಆ ಮೈನಸ್ ದುಡ್ಡು ಈಗ್ಲೇ ಕಟ್ಬೇಡ ಪುಟ್ಟಿ

ನೀರ್ಚಾಲು, ಕಾಸರಗೋಡು
ಆಟಿ ತಿಂಗಳು, ಜಡಿಮಳೆ

ಪ್ರೀತಿಯ ಪುಟ್ಟೀ,

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ಲು. ಅಡಿಕೆ ತೋಟಕ್ಕೆ ಎರಡನೇ ಸಲ ಮದ್ದು ಬಿಡ್ಲಿಕ್ಕೆ ಈ ಮಳೆ ಒಂದು ದಿನ ಬಿಡುವು ಕೊಡ್ತಾ ಇಲ್ಲ ಅಂತ ನಾನು ನನ್ನ ಗೋಳು ಹೇಳ್ತಾ ಇದ್ದೆ, ಅದರ ನಡುವೆ ಅವಳು ಮೆಲ್ಲ ಹೇಳಿದ್ಲು, ಪುಟ್ಟಿಯ ಬೆಂಗಳೂರಿನ ಹಳೇ ಆಫೀಸಿನ ಸಂಬಳದ ಅಕೌಂಟು ಮೈನಸ್ ಆಗಿದೆಯಂತೆ ಅಣ್ಣ, ಒಂದೂವರೆ ಸಾವಿರ ಚಿಲ್ಲರೆ ಕಟ್ಟಿ ಕ್ಲೋಸ್ ಮಾಡ್ತಾಳಂತೆ, ಹೋದ್ರೆ ಹೋಗ್ಲಿ ರಗಳೆ ಬೇಡ ಅಂತ ನಾನೂ ಹೇಳಿದೆ ಅಂತ. ನನಗೆ ಅಲ್ಲಿಂದ ನಿದ್ದೆ ಬರ್ಲಿಲ್ಲ ಮಾರಾಯ್ತಿ. ಒಂದೂವರೆ ಸಾವಿರದ ಸಂಕಟ ಅಲ್ಲ ಅದು. ನಾನೂ ಒಂದು ಸಲ ಹೀಗೇ ರಗಳೆ ಬೇಡ ಅಂತ ಬಿಟ್ಟವನು, ಅದಕ್ಕೆ.

ನೀನು ವಾಟ್ಸಾಪಲ್ಲಿ ಕಳಿಸಿದ ಸ್ಟೇಟ್‌ಮೆಂಟ್ ಬೆಳಿಗ್ಗೆ ದೊಡ್ಡದು ಮಾಡಿ ಮಾಡಿ ನೋಡಿದೆ, ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆ. ಮಾರ್ಚ್ 1ಕ್ಕೆ 812 ರೂಪಾಯಿ ಇತ್ತು. ಅಲ್ಲಿಂದ ಮಾರ್ಚಿಂದ ಜುಲೈವರೆಗಿನ ಐದು ತಿಂಗಳಿಗೆ ಐದು ಸಲ 354, ಅದು ಮಿನಿಮಂ ಬ್ಯಾಲೆನ್ಸ್ ಇಲ್ಲ ಅಂತ ಹಾಕಿದ್ದು, 300 ಚಾರ್ಜು 54 ಜಿಎಸ್‌ಟಿ. ಎರಡು ಸಲ 295, ಅದು ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ನಿನ್ನ ಎಸ್‌ಐಪಿ ಬೌನ್ಸ್ ಆದದ್ದು. ಎರಡು ಸಲ 17.70, ಅದು ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ಸಿಗೆ. ಎಲ್ಲ ಕಳೆದ್ರೆ ಮೈನಸ್ 1,583.40, ಸ್ಟೇಟ್‌ಮೆಂಟಲ್ಲಿ ಇರುವುದೂ ಅದೇ. ಈಗ ಆ ಐದು 354ಗಳನ್ನು ಮಾತ್ರ ಬದಿಗಿಟ್ಟು ಇನ್ನೊಮ್ಮೆ ಲೆಕ್ಕ ಮಾಡು. ಬೌನ್ಸಿನದ್ದೂ ಎಸ್‌ಎಂಎಸ್ಸಿನದ್ದೂ ಪೂರ್ತಿ ಕಳೆದ ಮೇಲೂ ನಿನ್ನ ಅಕೌಂಟಲ್ಲಿ 186 ರೂಪಾಯಿ 60 ಪೈಸೆ ಉಳೀಬೇಕು. ಅಂದ್ರೆ ಮೈನಸ್ ಆದದ್ದು ಪೂರ್ತಿ ಮಿನಿಮಂ ಬ್ಯಾಲೆನ್ಸಿನ ದಂಡದಿಂದಲೇ. ಈ ಒಂದು ಲೆಕ್ಕ ಗಟ್ಟಿ ಹಿಡ್ಕೋ, ಬಾಕಿ ಎಲ್ಲ ಆಮೇಲೆ.

ಯಾಕೆ ಅಂತ ಕೇಳಿದ್ರೆ, ರಿಸರ್ವ್ ಬ್ಯಾಂಕ್ 2014ರ ನವೆಂಬರಲ್ಲಿ ಒಂದು ಸರ್ಕ್ಯುಲರ್ ಹೊರಡಿಸಿದೆ, 2015ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ನಮಗೆ ಬೇಕಾದ್ದು ಮೂರು ಸಂಗತಿ ಉಂಟು. ಬ್ಯಾಲೆನ್ಸ್ ಕಡಿಮೆಯಾದ್ರೆ ಬ್ಯಾಂಕಿನವರು ಮೊದಲು ಎಸ್‌ಎಂಎಸ್ಸೋ ಇಮೇಲೋ ಕಾಗದವೋ ಕಳಿಸಿ ಹೇಳ್ಬೇಕು, ಹೇಳಿದ ಮೇಲೆ ಒಂದು ತಿಂಗಳು ಕಾಯ್ಬೇಕು, ಅಷ್ಟರಲ್ಲಿ ಸರಿ ಮಾಡದಿದ್ರೆ ಮಾತ್ರ ದಂಡ. ದಂಡ ಎಷ್ಟು ಕೊರತೆಯೋ ಅದರ ಲೆಕ್ಕಕ್ಕೆ ಇರ್ಬೇಕು. ಮತ್ತೆ ಈ ದಂಡ ಹಾಕಿ ಹಾಕಿಯೇ ಸೇವಿಂಗ್ಸ್ ಅಕೌಂಟು ಮೈನಸ್ಸಿಗೆ ಹೋಗುವ ಹಾಗೆ ಮಾಡ್ಲಿಕ್ಕಿಲ್ಲ, ಸೊನ್ನೆಗೆ ನಿಲ್ಲಿಸ್ಬೇಕು. ನಿನ್ನದರಲ್ಲಿ ಮಾರ್ಚಿನ ಕೊರತೆಗೆ ಮಾರ್ಚಿನದ್ದೇ ದಂಡ ಬಿದ್ದಿದೆ, ಒಂದು ತಿಂಗಳ ಗಡುವು ಎಲ್ಲಿ ಹೋಯ್ತು?

ನಿನ್ನ ಕಡೆಯ ತಪ್ಪೂ ಉಂಟು, ಅದನ್ನು ಮುಚ್ಚಿಡುವುದು ಬೇಡ. ಕೆಲಸ ಬಿಟ್ಟು ಮೂರು ತಿಂಗಳು ಸಂಬಳ ಬೀಳದಿದ್ರೆ ಹೆಚ್ಚಿನ ಬ್ಯಾಂಕುಗಳಲ್ಲಿ ಸ್ಯಾಲರಿ ಅಕೌಂಟು ಸಾದಾ ಸೇವಿಂಗ್ಸ್ ಆಗಿಬಿಡ್ತದೆ, ಅಲ್ಲಿವರೆಗೆ ಸೊನ್ನೆ ಬ್ಯಾಲೆನ್ಸ್ ನಡೀತದೆ, ಆಮೇಲೆ ನಡಿಯುವುದಿಲ್ಲ. ಆಫೀಸಿನವರು ಕೊಟ್ಟ ಸಿಮ್ಮನ್ನು ವಾಪಸ್ ಕೊಟ್ಟೆ, ಬ್ಯಾಂಕಲ್ಲಿ ನಂಬರ್ ಬದಲು ಮಾಡ್ಲಿಲ್ಲ. ಅವರು ಎಸ್‌ಎಂಎಸ್ ಕಳಿಸಿದ್ದೇವೆ ಅಂತ ಆ ಹಳೇ ನಂಬರ್ ತೋರಿಸಿದ್ರೆ ನಿನ್ನ ಬಾಯಿ ಸ್ವಲ್ಪ ಕಟ್ಟಿಹೋಗ್ತದೆ. ಆದ್ರೂ ಮೈನಸ್ಸಿನ ವಿಷಯ ಅವರ ಕುತ್ತಿಗೆಗೇ ಬರ್ತದೆ, ನೋಟೀಸ್ ಕೊಟ್ರೂ ಕೊಡದಿದ್ರೂ. ಬೌನ್ಸಿನ 295ರ ಎರಡು ನಿನ್ನದೇ ಅಜಾಗ್ರತೆ, ಅದನ್ನು ವಾಪಸ್ ಕೊಡಿ ಅಂತ ಹಕ್ಕಿನಿಂದ ಕೇಳ್ಲಿಕ್ಕಾಗುವುದಿಲ್ಲ, ಒಂದನ್ನಾದ್ರೂ ಬಿಟ್ಟುಕೊಡ್ತೀರಾ ಅಂತ ಕೇಳಿ ನೋಡು, ಕೊಟ್ರೆ ಕೊಟ್ರು. ಎಸ್‌ಎಂಎಸ್ ಚಾರ್ಜು ಎಷ್ಟು ಮೆಸೇಜ್ ಕಳಿಸಿದ್ದಾರೋ ಅಷ್ಟಕ್ಕೇ ಹಾಕ್ಬೇಕು ಅಂತ ನಿಯಮ ಉಂಟು, ಪತ್ರದಲ್ಲಿ ಒಂದು ಸಾಲು ಸೇರಿಸು, ಅದಕ್ಕಾಗಿ ಜಗಳ ಬೇಡ, 35 ರೂಪಾಯಿ.

ಈ ಮಿನಿಮಂ ಬ್ಯಾಲೆನ್ಸ್ ಅನ್ನುವುದನ್ನು ಸುಮಾರು ಜನ ತಪ್ಪು ತಿಳ್ಕೊಂಡಿದ್ದಾರೆ, ನಾನೂ ತಿಳ್ಕೊಂಡಿದ್ದೆ. ಒಂದು ದಿನ ಕಡಿಮೆ ಆದ್ರೆ ದಂಡ ಅಂತ ಅಲ್ಲ. ಹೆಚ್ಚಿನ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿ. ದಿನಾ ರಾತ್ರಿ ಅಕೌಂಟಲ್ಲಿ ಎಷ್ಟು ಇತ್ತೋ ಅದನ್ನೆಲ್ಲ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸ್ತಾರೆ. ಮಿನಿಮಂ 3,000 ಇರುವ ಅಕೌಂಟಿಗೆ 30 ದಿನದ ತಿಂಗಳಲ್ಲಿ ಒಂದೇ ಒಂದು ರಾತ್ರಿ 90,000 ಇಟ್ಟು ಮರುದಿನ ಪೂರ್ತಿ ತೆಗೆದ್ರೂ ಸರಾಸರಿ ಸರಿಯಾಯ್ತು! ಹಾಗೇ ತಿಂಗಳು ಪೂರ್ತಿ 2,900 ಇಟ್ಟವನಿಗೆ ದಂಡ. ನಮ್ಮಂಥ ಅಡಿಕೆಯವರಿಗೆ ಇದು ಹೇಳಿ ಮಾಡಿಸಿದ ಉರುಳು. ಅಡಿಕೆ ಮಾರಿದಾಗ ಒಟ್ಟಿಗೆ ಬರ್ತದೆ, ಮಳೆಗಾಲಕ್ಕೆ ಮದ್ದು, ಆಳುಗಳ ಸಂಬಳ, ಮಕ್ಕಳ ಫೀಸು ಅಂತ ಆಟಿಯಲ್ಲಿ ಅಕೌಂಟು ಅಂಗೈಯಷ್ಟು ಸ್ವಚ್ಛ.

ನನಗೆ ಆದದ್ದೂ ಅದೇ. ಅಡಿಕೆಯ ಚೆಕ್ ಹಾಕ್ಲಿಕ್ಕೆ ಅಂತ ಪೇಟೆಯ ಒಂದು ಬ್ಯಾಂಕಲ್ಲಿ ಅಕೌಂಟ್ ಮಾಡಿದ್ದೆ, ಯಾವುದು ಅಂತ ಬೇಡ. ಒಂದು ಮಳೆಗಾಲ ಮುಗಿದು ಪಾಸ್‌ಬುಕ್ ಪ್ರಿಂಟ್ ಹಾಕಿಸಿದ್ರೆ ಆರು ತಿಂಗಳು ಸಾಲಾಗಿ ತೆಗೆದಿದ್ದಾರೆ. ನಾನು ಕೌಂಟರಿನಲ್ಲಿ ನಿಂತು ಬೊಬ್ಬೆ ಹಾಕಿದೆ, ಪಂಚಾಯತು ಮೆಂಬರಿಂದ ಹಿಡಿದು ಕುಟುಂಬಶ್ರೀ ಸಂಘದ ಹೆಂಗಸರವರೆಗೆ ಎಲ್ಲರೂ ತಿರುಗಿ ನೋಡಿದ್ರು. ಕೌಂಟರಿನ ಹುಡುಗ ಕಣ್ಣೂರಿನ ಕಡೆಯವನು, ಕನ್ನಡ ಬರ್ತಿರ್ಲಿಲ್ಲ, ಪಾಪ ಮಲಯಾಳದಲ್ಲಿ ಒಂದೇ ಮಾತು, ಸಿಸ್ಟಂ ತೆಗೆದದ್ದು ಸಾರ್, ನಾನಲ್ಲ. ಅವನು ಹೇಳಿದ್ದು ಸತ್ಯವೇ. ಕೊಡೆ ಅಲ್ಲೇ ಮರೆತು ಒದ್ದೆಯಾಗಿ ಮನೆಗೆ ಬಂದೆ. ಹೋದ್ರೆ ಹೋಗ್ಲಿ ಅಂದೆ. ಮುಂದಿನ ವರ್ಷ ಪುನಃ ಹಾಗೇ ಆಯ್ತು, ಆಗ ಬುದ್ಧಿ ಬಂತು. ಒಂದು ಹಾಳೆಯಲ್ಲಿ ತಾರೀಕು, ಮೊತ್ತ ಬರೆದು ಕೆಳಗೆ ಒಂದೇ ಪ್ರಶ್ನೆ: ಬ್ಯಾಲೆನ್ಸ್ ಕಡಿಮೆಯಾಗಿದೆ ಅಂತ ನನಗೆ ಯಾವ ತಾರೀಕಿಗೆ, ಯಾವ ನಂಬರಿಗೆ ತಿಳಿಸಿದ್ದೀರಿ? ಎರಡು ಪ್ರತಿ ತಗೊಂಡು ಹೋಗಿ ಒಂದಕ್ಕೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡೆ. ಸೀಲು ಹಾಕ್ಲಿಕ್ಕೆ ಸ್ವಲ್ಪ ಹಿಂದೆ ಮುಂದೆ ನೋಡಿದ್ರು, ನಾನು ಬೆಂಚಲ್ಲಿ ಕೂತೆ, ಊಟದ ಹೊತ್ತಿಗೆ ಹಾಕಿಕೊಟ್ರು. ಮೂರು ವಾರದಲ್ಲಿ ನಾಲ್ಕು ತಿಂಗಳದ್ದು ವಾಪಸ್ ಬಂತು, ಬಾಕಿ ಬರ್ಲಿಲ್ಲ. ಹಿಂದಿನ ವರ್ಷದ್ದಂತೂ ನಾನು ಕೇಳಲೇ ಇಲ್ಲ, ಅದು ಈಗ್ಲೂ ಚುಚ್ಚುತ್ತದೆ.

ನಿನ್ನ ಬ್ರಾಂಚು ಬೆಂಗಳೂರಲ್ಲಿ, ನೀನು ಮಂಗ್ಳೂರಲ್ಲಿ, ಹಾಗಾಗಿ ಆ್ಯಪಲ್ಲೋ ಇಮೇಲಲ್ಲೋ ಕಂಪ್ಲೇಂಟ್ ಹಾಕು, ಕಂಪ್ಲೇಂಟ್ ನಂಬರ್ ಬರ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆದಿಡು. ಕಸ್ಟಮರ್ ಕೇರಿಗೆ ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, ಬರಹದಲ್ಲಿ ಇರ್ಲಿ. ಇಂಗ್ಲಿಷಲ್ಲೇ ಬರಿ. ನಾನು ಈ ಮಾತು ಹೇಳ್ತೇನಾ ಅಂತ ನಗಬೇಡ, ಕಾಸರಗೋಡಲ್ಲಿ ಕನ್ನಡದಲ್ಲೇ ಅರ್ಜಿ ಕೊಡ್ತೇನೆ ಅಂತ ವಿಲೇಜ್ ಆಫೀಸಲ್ಲಿ ಹಠ ಹಿಡಿದವನು ನಾನು, ಆದ್ರೆ ಆ ಹೋರಾಟವೇ ಬೇರೆ, ಇದು ದುಡ್ಡು ವಾಪಸ್ ತರುವ ಕೆಲಸ. ಮೇಲೆ ಹೇಳಿದ 812ರ ಲೆಕ್ಕ ಹಾಗೇ ಹಾಕು, ರಿಸರ್ವ್ ಬ್ಯಾಂಕಿನ 2014ರ ಸರ್ಕ್ಯುಲರ್ ಅಂತ ಒಂದು ಮಾತು ಹಾಕು, ದಂಡವನ್ನೂ ಅದರ ಮೇಲಿನ ಜಿಎಸ್‌ಟಿಯನ್ನೂ ವಾಪಸ್ ಹಾಕಿ ಅಂತ ಬರಿ. ಜಿಎಸ್‌ಟಿ ಬಿಟ್ಟು 300 ಮಾತ್ರ ಹಾಕಿ ಕೈ ತೊಳ್ಕೊಳ್ತಾರೆ ಮತ್ತೆ. ದಯವಿಟ್ಟು ಕೃಪೆ ತೋರಿಸಿ ಅಂತೆಲ್ಲ ಬೇಡ, ಕೋರ್ಟಿಗೆ ಎಳೀತೇನೆ ಅಂತಲೂ ಬೇಡ.

30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಆಗುವುದಿಲ್ಲ ಅಂತ ಬಂದ್ರೆ, ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನಿಗೆ. 2021ರ ನವೆಂಬರಿನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಮಾಡಿದ್ದಾರೆ, ಯಾವ ಊರಿನ ಬ್ರಾಂಚು ಅಂತ ನೋಡ್ಬೇಕಾಗಿಲ್ಲ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನುವ ಸೈಟಲ್ಲಿ ತುಂಬಿಸಿದ್ರಾಯ್ತು, ಫೀಸ್ ಇಲ್ಲ, ವಕೀಲರು ಬೇಡ, ವಕೀಲರ ಮೂಲಕ ಹೋದ್ರೆ ತಗೊಳ್ಳುವುದೇ ಇಲ್ಲ. ಆದ್ರೆ ಮೊದಲು ಬ್ಯಾಂಕಿಗೆ ಬರೀದೆ ನೇರ ಅಲ್ಲಿ ಹೋದ್ರೆ ಬದಿಗಿಡ್ತಾರೆ, ಅದಕ್ಕೇ ಆ ಕಂಪ್ಲೇಂಟ್ ನಂಬರ್ ಜೋಪಾನ ಅಂದದ್ದು. ಸಂಶಯ ಇದ್ರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡು, ಕನ್ನಡದಲ್ಲೂ ಮಾತಾಡ್ತಾರೆ. ನಮ್ಮೂರಿನ ಸರ್ವೀಸ್ ಸಹಕಾರಿ ಬ್ಯಾಂಕಿನ ವಿಷಯಕ್ಕೆ ಈ ದಾರಿ ನಡಿಯುವುದಿಲ್ಲ, ಅದು ಸಹಕಾರ ಇಲಾಖೆಯ ರಿಜಿಸ್ಟ್ರಾರರ ಕೆಳಗೆ ಬರುವುದು, ನಿನ್ನಪ್ಪ ಕೇಳಿದ್ರೆ ಹೇಳು.

ಒಂದು ಮುಖ್ಯ ವಿಷಯ ಮರೀತಿದ್ದೆ. ನಿನ್ನ ಪಿಎಫ್ ತೆಗೀಬೇಕು ಅಂತ ಹೇಳ್ತಾ ಇದ್ದಿ ಅಲ್ವಾ? ಯುಎಎನ್‌ನಲ್ಲಿ ಅಂದ್ರೆ ಆ ಪಿಎಫ್ ನಂಬರಿನಲ್ಲಿ, ಯಾವ ಅಕೌಂಟ್ ಉಂಟು ನೋಡು, ಖಂಡಿತ ಈ ಹಳೇ ಅಕೌಂಟೇ ಇರ್ತದೆ. ಪಿಎಫ್ ಹಣ ಅದಕ್ಕೆ ಬಿದ್ದ ಕೂಡ್ಲೇ ಬ್ಯಾಂಕಿನವರು ಮೊದಲು ಅವರ ಮೈನಸ್ ಮುರ್ಕೊಳ್ತಾರೆ, ಆಮೇಲೆ ನೀನು ವಾಪಸ್ ಕೊಡಿ ಅಂತ ಹಿಂದೆ ಓಡ್ಬೇಕು. ಮೊದಲು ಅಲ್ಲಿ ಹೊಸ ಅಕೌಂಟ್ ಸೇರಿಸಿ ವೆರಿಫೈ ಆಗ್ಲಿ, ಮತ್ತೆ ಕ್ಲೇಮ್ ಹಾಕು.

ಇನ್ನು ಮುಂದೆ ಹೀಗೆ ಆಗದ ಹಾಗೆ ಮಿನಿಮಂ ಬ್ಯಾಲೆನ್ಸಿನ ಗೋಜೇ ಇಲ್ಲದ ಕಡೆ ಅಕೌಂಟ್ ಇಡು. ಸ್ಟೇಟ್ ಬ್ಯಾಂಕಿನವರು 2020ರ ಮಾರ್ಚಲ್ಲೇ ಈ ದಂಡ ತೆಗೆದ್ರು, ಕೆನರಾದವರು 2025ರ ಜೂನ್ 1ರಿಂದ. ಸರಕಾರಿ ಬ್ಯಾಂಕುಗಳು ಐದು ವರ್ಷದಲ್ಲಿ ಈ ದಂಡದಿಂದಲೇ ಸುಮಾರು 8,500 ಕೋಟಿ ಒಟ್ಟು ಮಾಡಿದ್ದಾವೆ ಅಂತ 2024ರಲ್ಲಿ ಪಾರ್ಲಿಮೆಂಟಿನಲ್ಲಿ ಲೆಕ್ಕ ಕೊಟ್ಟಿದ್ರು, ನಮ್ಮ ನಿಮ್ಮಂಥವರ 354ಗಳೇ ಅದು. ನನಗೆ ಪಿಗ್ಮಿ ನೆನಪಾಗ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದಲ್ವಾ, ದಿನಕ್ಕೆ ಎರಡಾಣೆ ಇದ್ರೂ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುವುದು. ನಾನು ಸಣ್ಣವನಿದ್ದಾಗ ಕುಂಬ್ಳೆ ಪೇಟೆಯ ಅಂಗಡಿಗಳಿಗೆ ಪಿಗ್ಮಿಯವರು ಚೀಲ ಹಿಡ್ಕೊಂಡು ಬರ್ತಿದ್ರು, ಚಿಲ್ಲರೆ ಎಣಿಸಿ ಕಾರ್ಡಲ್ಲಿ ಬರೆದು ಹೋಗ್ತಿದ್ರು. ದುಡ್ಡು ಇಲ್ಲದವನನ್ನು ಹುಡ್ಕಿಕೊಂಡು ಬರುವ ಬ್ಯಾಂಕು ಅದು. ಈಗಲೂ ಹುಡ್ಕಿಕೊಂಡು ಬರ್ತಾರೆ ಬಿಡು.

ನಿನ್ನ ತಮ್ಮನಿಗೂ ಹೇಳು, ಎಟಿಎಮ್ಮಿನಲ್ಲಿ ನೋಟು ಬಾರದೆ ಅಕೌಂಟಿಂದ ಮಾತ್ರ ಹೋದ್ರೆ ಐದು ದಿನದೊಳಗೆ ತಾನಾಗಿ ವಾಪಸ್ ಬರ್ಬೇಕು, ಆಮೇಲೆ ತಡವಾದ ದಿನಕ್ಕೆ 100 ರೂಪಾಯಿಯ ಹಾಗೆ ಅವರೇ ಕೊಡ್ಬೇಕು, ಅದು 2019ರ ನಿಯಮ. ಮತ್ತೆ ನೀವಿಬ್ಬರೂ ಕಸ್ಟಮರ್ ಕೇರ್ ನಂಬರ್ ಗೂಗಲಲ್ಲಿ ಹುಡ್ಕಬೇಡಿ, ಚಾರ್ಜು ರಿಫಂಡ್ ಮಾಡ್ತೇವೆ ಒಂದು ಆ್ಯಪ್ ಹಾಕಿ ಪಿನ್ ಒತ್ತಿ ಅಂತ ಹೇಳುವ ಕಳ್ಳರೇ ಜಾಸ್ತಿ, ದುಡ್ಡು ಬರ್ಲಿಕ್ಕೆ ಪಿನ್ ಒತ್ತುವುದು ಎಂತಕ್ಕೆ? ನಂಬರ್ ಪಾಸ್‌ಬುಕ್ಕಿನ ಹಿಂದೆ ಉಂಟು.

ಮುಂದಿನ ವಾರ ಬರ್ತೀಯಲ್ಲಾ, ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸ್ಕೊಂಡು ಬಾ, ಫೋನಲ್ಲಿ ನೋಡಿ ನೋಡಿ ನನ್ನ ಕಣ್ಣು ಉರೀತದೆ. ಪತ್ರ ಇಲ್ಲೇ ಕೂತು ಒಟ್ಟಿಗೆ ಬರೆಯುವ. ಕುಂಬ್ಳೆಯಲ್ಲಿ ಬಸ್ಸಿಳಿದು ಫೋನ್ ಮಾಡಿದ್ರೆ ನಾನು ಬರ್ತೇನೆ. ಅಜ್ಜಿ ಬೇಸಗೆಯ ಹಲಸಿನ ಹಪ್ಪಳ ನಿನಗೆ ಅಂತ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ, ನನಗೆ ಮುಟ್ಲಿಕ್ಕೆ ಬಿಡುವುದಿಲ್ಲ.

ಇತಿ
ನಿನ್ನ ಮಾವ