ನನ್ನನ್ನು ದೂಷಿಸದೆ ನಡೆಸಿಕೊಂಡವರಿಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈ ವಾರಕ್ಕೆ ಒಂದು ವರ್ಷ ತುಂಬಿತು. ತಪಾಸಣೆಯ ವರದಿಗಳು ಕೈಸೇರಿವೆ. ರಕ್ತದ ಸಕ್ಕರೆ ಹತೋಟಿಯಲ್ಲಿದೆ, ಕಬ್ಬಿಣಾಂಶ ಕುಸಿದಿಲ್ಲ, ಬಿ12 ಇರಬೇಕಾದಷ್ಟಿದೆ. ಎಷ್ಟು ಕಿಲೋ ಇಳಿಯಿತು ಎಂದು ಕೇಳುವವರೇ ಹೆಚ್ಚು. ನನಗೆ ಆ ಲೆಕ್ಕಕ್ಕಿಂತ ಜೊತೆಗಿದ್ದವರ ಋಣದ ಲೆಕ್ಕ ದೊಡ್ಡದು. ಅದನ್ನು ಎಲ್ಲರೆದುರು ಹೇಳಿಕೊಳ್ಳಬೇಕು ಎನಿಸಿದೆ.

ಮೊದಲ ನಮಸ್ಕಾರ ನನ್ನ ವೈದ್ಯರಿಗೆ. ಮಂಡಿನೋವು ಎಂದು ಹೋದರೂ ಜ್ವರ ಎಂದು ಹೋದರೂ ‘ಮೊದಲು ತೂಕ ಇಳಿಸಿ’ ಎಂಬ ಮಾತನ್ನೇ ಕೇಳಿ ಕೇಳಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದೆ. ಇವರು, “ನಿಮಗೆ ಅಭ್ಯಂತರವಿಲ್ಲದಿದ್ದರೆ ತೂಕದ ವಿಷಯ ಮಾತನಾಡೋಣವೇ?” ಎಂದು ಕೇಳಿದರು. ಹಾಗೆ ನನ್ನ ಒಪ್ಪಿಗೆ ಕೇಳಿದ ಮೊದಲ ವೈದ್ಯರು ಅವರೇ. ಬೊಜ್ಜು ಬರೀ ನಾಲಿಗೆ ಚಪಲದ ಫಲವಲ್ಲ, ಆನುವಂಶಿಕತೆ, ಹಾರ್ಮೋನು, ನಿದ್ರೆ, ಔಷಧಿಗಳೆಲ್ಲ ಸೇರಿ ತರುವ ದೀರ್ಘಕಾಲದ ಕಾಯಿಲೆ. ತೂಕ ಇಳಿದಷ್ಟೂ ದೇಹ ಹಸಿವನ್ನು ಹೆಚ್ಚಿಸಿ ಅದನ್ನು ಮರಳಿ ಪಡೆಯಲು ಹವಣಿಸುತ್ತದೆ ಎಂದು ವಿವರಿಸಿದರು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 35 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುವಂತೆ 2022ರಲ್ಲಿ ತಜ್ಞರ ಸಂಘಟನೆಗಳು ಮಾರ್ಗಸೂಚಿಯನ್ನು ಪರಿಷ್ಕರಿಸಿದ್ದು ನನಗೆ ತಿಳಿದದ್ದೂ ಅವರಿಂದಲೇ. ಅಂದು ಹೊರಗೆ ಬಂದಾಗ ನಾನು ತಪ್ಪಿತಸ್ಥೆಯಾಗಿರಲಿಲ್ಲ, ಚಿಕಿತ್ಸೆ ಇರುವ ಕಾಯಿಲೆಯೊಂದರ ರೋಗಿಯಾಗಿದ್ದೆ.

ಶಸ್ತ್ರಚಿಕಿತ್ಸಕರು ಹಾಳೆಯ ಮೇಲೆ ಜಠರದ ಚಿತ್ರ ಬರೆದು, ಉದ್ದಕ್ಕೂ ಒಂದು ಗೆರೆ ಎಳೆದರು. ಸುಮಾರು ಮುಕ್ಕಾಲು ಭಾಗ ಹೋಗುತ್ತದೆ, ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆ, ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಸ್ರವಿಸುವ ಭಾಗವೂ ಅದರೊಂದಿಗೇ ಹೋಗುತ್ತದೆ ಎಂದರು. ರಕ್ತಸ್ರಾವ, ಹೊಲಿಗೆಯ ಸಾಲಿನಿಂದ ಸೋರಿಕೆ, ರಕ್ತ ಹೆಪ್ಪುಗಟ್ಟುವುದು, ಮುಂದೆ ಎದೆಯುರಿ ಹೆಚ್ಚುವ ಸಾಧ್ಯತೆ, ಯಾವುದನ್ನೂ ಮುಚ್ಚಿಡಲಿಲ್ಲ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು ಎಂಬುದನ್ನು ಒತ್ತಿ ಹೇಳಿದರು. ಆ ನೇರ ಮಾತೇ ನನಗೆ ಧೈರ್ಯ ಕೊಟ್ಟಿತು.

ಆದರೆ ನನ್ನನ್ನು ನಿಜವಾಗಿ ತಯಾರು ಮಾಡಿದವರು ಆಹಾರ ತಜ್ಞೆ. ಶಸ್ತ್ರಚಿಕಿತ್ಸೆಗೆ ಮೊದಲಿನ ಎರಡು ವಾರ ಕಡಿಮೆ ಕ್ಯಾಲರಿಯ, ಕಡಿಮೆ ಪಿಷ್ಟದ ಆಹಾರ. ಜಠರದ ಮೇಲೆ ಯಕೃತ್ತಿನ ಎಡಭಾಗ ಒರಗಿರುತ್ತದೆ. ಅದರಲ್ಲಿನ ಕೊಬ್ಬು ಕರಗಿ ಅದು ಕುಗ್ಗಿದರೆ ಶಸ್ತ್ರಚಿಕಿತ್ಸಕರ ಕೆಲಸ ಸುಲಭ, ಸುರಕ್ಷಿತ. ಕಾರಣ ತಿಳಿದ ಮೇಲೆ ಆ ಪಥ್ಯ ಶಿಕ್ಷೆ ಎನಿಸಲಿಲ್ಲ. ಅಷ್ಟೇ ಅಲ್ಲ, ಮುಂದಿನ ಬದುಕಿನ ಅಭ್ಯಾಸವನ್ನೂ ಆಗಲೇ ಶುರು ಮಾಡಿಸಿದರು. ಚಿಕ್ಕ ಚಮಚ, ಚಿಕ್ಕ ತುತ್ತು, ಅಗಿದು ನುಣ್ಣಗಾದ ಮೇಲೆಯೇ ನುಂಗುವುದು, ನುಂಗುವವರೆಗೆ ಚಮಚವನ್ನು ಕೆಳಗಿಡುವುದು. ಊಟದ ಜೊತೆ ನೀರಿಲ್ಲ. ಊಟವಾಗಿ ಅರ್ಧ ಗಂಟೆ ಕಳೆಯಬೇಕು. ಕೇಳಲು ಸಣ್ಣ ವಿಷಯಗಳು. ಶಸ್ತ್ರಚಿಕಿತ್ಸೆಯ ನಂತರ ಇವೇ ನನ್ನನ್ನು ಕಾಪಾಡಿದವು.

ಮನಃಶಾಸ್ತ್ರಜ್ಞೆ ಕೇಳಿದ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು. “ಬೇಸರವಾದಾಗ ತಿನ್ನುತ್ತೀರಿ. ಆ ದಾರಿ ಮುಚ್ಚಿದ ಮೇಲೆ ಬೇಸರ ಬಂದರೆ ಎಲ್ಲಿಗೆ ಹೋಗುತ್ತೀರಿ?” ಉತ್ತರ ಹುಡುಕಲು ಅವರು ವಾರಗಟ್ಟಲೆ ಸಮಯ ಕೊಟ್ಟರು. ಜಠರವನ್ನು ಕಿರಿದು ಮಾಡಬಹುದು, ಸಂಜೆಯ ಒಂಟಿತನವನ್ನು ಕತ್ತರಿಸಲಾಗದು. ನನ್ನ ಉತ್ತರ ನನ್ನ ಅಕ್ಕ. ಆಗಿನಿಂದ ಸಂಜೆಯಾದರೆ ಇಬ್ಬರೂ ನಡೆಯುತ್ತೇವೆ. ಅಕ್ಕಾ, ಸುಸ್ತಾಗಿ ಬಂದ ದಿನವೂ ನೀನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದೆ. ಇದನ್ನು ನಾನು ಮರೆಯುವುದಿಲ್ಲ.

ಆಸ್ಪತ್ರೆಯ ಮೊದಲ ರಾತ್ರಿಯ ನರ್ಸ್ ಅವರಿಗೂ ಕೃತಜ್ಞಳು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂದು ಅರಿವಳಿಕೆ ಇಳಿದ ಕೆಲವೇ ಗಂಟೆಗಳಲ್ಲಿ ನನ್ನ ತೋಳು ಹಿಡಿದು ನಡೆಸಿದರು. ಮರುದಿನ 30 ಮಿಲಿಲೀಟರಿನ ಅಳತೆ ಲೋಟ ತಂದರು, ಔಷಧದ ಬಾಟಲಿಯ ಮುಚ್ಚಳವಾಗಿ ಬರುತ್ತದಲ್ಲ, ಅಂಥದ್ದು. ಅದರಲ್ಲಿ ನೀರು. “ತುಟಿ ಒದ್ದೆಯಾಗುವಷ್ಟೇ ಹೀರಿ, ಅವಸರ ಬೇಡ” ಎಂದು ಪಕ್ಕದಲ್ಲೇ ಕುಳಿತರು. ಆ ಒಂದು ಲೋಟ ಮುಗಿಯಲು ಹಿಡಿದ ಹೊತ್ತಿನಲ್ಲಿ ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಆಮೇಲಿನ ದಿನಗಳು ಸಲೀಸಾಗಿರಲಿಲ್ಲ. ತಿಳಿದ್ರವ, ಗಟ್ಟಿದ್ರವ, ರುಬ್ಬಿದ ಆಹಾರ, ಮೆತ್ತನೆಯ ಆಹಾರ ಎಂದು ಹಂತ ಹಂತವಾಗಿ ಸಾಗಬೇಕು. ಮೊದಲ ತಿಂಗಳು ಮುಗಿಯುವ ಮುನ್ನವೇ ತೂಕ ಇಳಿಯುವುದು ನಿಂತುಹೋಯಿತು. ನಂತರ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಆಗ ಇದೇ ದಾರಿ ಸವೆಸಿದವರ ಬಳಗ ನನ್ನ ಕೈಹಿಡಿಯಿತು. ತೂಕ ಹಾಗೆ ನಿಲ್ಲುವುದು ಸಾಮಾನ್ಯ ಎಂದರು. ವೇಗವಾಗಿ ತೂಕ ಇಳಿದಾಗ ದೇಹಕ್ಕಾಗುವ ಆಘಾತದಿಂದ ಕೂದಲು ಉದುರುತ್ತದೆ, ಬೇರು ಸಾಯುವುದಿಲ್ಲ, ಮತ್ತೆ ಬರುತ್ತದೆ ಎಂದರು. ದಿನಕ್ಕೆ 60 ಗ್ರಾಂ ಪ್ರೋಟೀನ್ ತಪ್ಪಿಸಬೇಡ, ವಿಟಮಿನ್ ಮಾತ್ರೆಗಳು ಜೀವನಪೂರ್ತಿ ಎಂದು ಪದೇ ಪದೇ ನೆನಪಿಸಿದರು. ಬಳಗದ ಹಿರಿಯರೊಬ್ಬರು ತಮ್ಮ ಹೊಸ ಕೂದಲನ್ನು ಬೆರಳಲ್ಲಿ ಎತ್ತಿ ತೋರಿಸಿದ್ದು ಯಾವ ಔಷಧಿಗೂ ಕಡಿಮೆಯಲ್ಲ.

ಇನ್ನು ನನ್ನ ಪತಿ. ನಾಲ್ಕು ಚಮಚ ತಿನ್ನಲು ನನಗೆ ಅರ್ಧ ಗಂಟೆ ಬೇಕಾಗುತ್ತಿದ್ದಾಗ, ನಾನೊಬ್ಬಳೇ ಕೂರಬಾರದೆಂದು ತಮ್ಮ ಊಟವನ್ನೂ ನಿಧಾನ ಮಾಡಿಕೊಂಡರು. ‘ಸುಲಭದ ದಾರಿ ಹಿಡಿದೆ’ ಎಂದವರಿದ್ದಾರೆ. ಆ ಮಾತು ಇಂದಿಗೂ ನೋಯಿಸುತ್ತದೆ, ಏಕೆಂದರೆ ಅದು ಸುಳ್ಳು. ಅಂಥ ಮಾತಿಗೆ ಉತ್ತರ ಕೊಡುವ ಹೊರೆಯನ್ನು ಅವರು ನನ್ನ ಮೇಲೆ ಬೀಳಲು ಬಿಡಲಿಲ್ಲ. ನನ್ನ ತುತ್ತುಗಳನ್ನು ಎಂದೂ ಎಣಿಸಲಿಲ್ಲ.

ಬರುವ ತಿಂಗಳಿನಿಂದ ಬಳಗದಲ್ಲಿ, ಹೊಸದಾಗಿ ಸಿದ್ಧತೆ ಆರಂಭಿಸುವವರ ಜೊತೆ ಕೂರಲು ಒಪ್ಪಿಕೊಂಡಿದ್ದೇನೆ. ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತಾಗಿ ರಾತ್ರಿ ನಿದ್ದೆ ಬಾರದವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಂಕೋಚವಿಲ್ಲದೆ ನನಗೆ ಬರೆಯಿರಿ. ನನಗೆ ಹೇಳಿಕೊಟ್ಟವರು ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರೋ ಅಷ್ಟೇ ತಾಳ್ಮೆಯಿಂದ ಉತ್ತರಿಸುತ್ತೇನೆ.